ಬಾಟಲಿಯ ಮೇಲೆ ಯಾರ ಚಿತ್ರ?

ಕನ್ನಡ ಸಭೆಗಳ ಪಾಲಕರಿಗೆ, ಸಭಾ ಹಿರಿಯರಿಗೆ, ಉಪವಾಸ ಪ್ರಾರ್ಥನಾ ಕೂಟಗಳನ್ನು ನಡೆಸುವ ಅಣ್ಣಂದಿರಿಗೆ, ಅಕ್ಕಂದಿರಿಗೆ,



ಹೋದ ವರ್ಷ ನನ್ನ ದೊಡ್ಡಕ್ಕ ತೀರಿಕೊಂಡಳು. ಬೆಟಗೇರಿಯ ಅವಳ ಮನೆಯ ಕಪಾಟು ತೆರವು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಸೀರೆಗಳ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರೊಳಗೆ ಏಳು ಸಣ್ಣ ಎಣ್ಣೆ ಬಾಟಲಿ, ಅಂಗೈಯಗಲದ ಮೂರು ಬಟ್ಟೆ ತುಂಡು, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಒಂದು ಹಿಡಿ ಉಪ್ಪು, ಮತ್ತೆ ಹನ್ನೊಂದು ವರ್ಷದ ವಾಗ್ದಾನದ ಕಾರ್ಡುಗಳು. ಬಾಟಲಿಗಳ ಮೇಲೆಲ್ಲ ಕೋಟು ತೊಟ್ಟ ಬೋಧಕರ ನಗುಮುಖ. ಒಂದರ ಮೇಲೂ ಶಿಲುಬೆ ಇರಲಿಲ್ಲ. ಅಕ್ಕನಿಗೆ ಸಕ್ಕರೆ ಕಾಯಿಲೆ ಇತ್ತು. ಡಬ್ಬಿಯ ತಳದಲ್ಲಿ ಅವಧಿ ಮುಗಿದ ಮಾತ್ರೆಯ ಪಟ್ಟಿಗಳೂ ಸಿಕ್ಕವು. ಒಂದು ಗುಳಿಗೆಯನ್ನೂ ಬಿಡಿಸಿರಲಿಲ್ಲ.

ನಮ್ಮ ಮನೆಯಲ್ಲಿ ಹಿರಿಯರು ಹೇಳುತ್ತಿದ್ದ ಒಂದು ಸಂಗತಿ ಆಗ ನೆನಪಾಯಿತು. ನಮ್ಮ ಅಜ್ಜಿಯ ಅವ್ವ ದೀಕ್ಷಾಸ್ನಾನ ಪಡೆದ ದಿನ ಕೊರಳ ತಾಯಿತ ಕಿತ್ತು ಬಾವಿಗೆ ಎಸೆದಳಂತೆ. ಎಸೆಯುವಾಗ ಕೈ ನಡುಗಿತಂತೆ. ಆ ನಡುಕವನ್ನು ಹಿರಿಯರು ಎಂದೂ ಮುಚ್ಚಿಟ್ಟು ಹೇಳಲಿಲ್ಲ. ಆಕೆ ಎರಡು ಕೂಸು ಕಳೆದುಕೊಂಡವಳು, ಮೂರನೆಯದು ಉಳಿದದ್ದು ಆ ತಾಯಿತದಿಂದಲೇ ಎಂದು ಊರೆಲ್ಲ ಹೇಳಿತ್ತು. ಆಕೆಯ ಮರಿಮಗಳ ಕಪಾಟಿನಲ್ಲಿ ನಾನು ಕಂಡದ್ದು ಏಳು ಬಾಟಲಿ.

ಇದನ್ನು ಬಹಿರಂಗವಾಗಿ ಏಕೆ ಬರೆಯಬೇಕು, ಸಭೆಯೊಳಗೇ ಮಾತಾಡಿ ಮುಗಿಸಬಾರದೇ ಎಂದು ನೀವು ಕೇಳಬಹುದು. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಪ್ರಾರ್ಥನಾಲಯಗಳ ಮೇಲೆ ಕಲ್ಲು ಬಿದ್ದದ್ದು ನನಗೂ ನೆನಪಿದೆ. ಹೊರಗಿನವರ ಕೈಗೆ ನಾನೇ ಬಡಿಗೆ ಕೊಟ್ಟಂತಾದೀತು ಎಂಬ ಅಳುಕಿನಲ್ಲಿ ಈ ಪತ್ರವನ್ನು ಎಷ್ಟೋ ತಿಂಗಳು ಬರೆಯದೇ ಬಿಟ್ಟೆ. ಆದರೆ ನಮ್ಮ ಕೂಟಗಳ ವಿಡಿಯೊಗಳನ್ನು ನಾವೇ ಯೂಟ್ಯೂಬಿಗೆ ಹಾಕಿದ್ದೇವೆ, ಜಗತ್ತೆಲ್ಲ ನೋಡಿಯಾಗಿದೆ. ಮುಚ್ಚಿಡುವುದು ಏನು ಉಳಿದಿದೆ?

ಸಭೆಯೊಳಗೆ ಮಾಟಮಂತ್ರ ನುಸುಳುತ್ತಿದೆ ಎಂಬ ಎಚ್ಚರಿಕೆ ನಿಮಗೆ ಹೊಸದಲ್ಲ. ವಾಟ್ಸ್ಆ್ಯಪಿನಲ್ಲಿ ವಾರಕ್ಕೊಂದು ಪಟ್ಟಿ ಬರುತ್ತದೆ. ಯೋಗ ಮಾಡಬೇಡಿ, ಹ್ಯಾರಿ ಪಾಟರ್ ಓದಬೇಡಿ, ಅಂಗಳದಲ್ಲಿ ರಂಗೋಲಿ ಹಾಕಬೇಡಿ, ಕ್ರಿಸ್‌ಮಸ್ ಗಿಡ ಇಡಬೇಡಿ. ಇವುಗಳಲ್ಲಿ ಒಂದೆರಡು ಚರ್ಚೆಗೆ ಯೋಗ್ಯ, ಉಳಿದವು ವೇಳೆಯ ದಂಡ. ಈ ಪಟ್ಟಿಗಳನ್ನು ಹಿಂದುಮುಂದು ನೋಡದೆ ಕಳಿಸುವವರೇ ಮರುದಿನ ಅಭಿಷೇಕದ ಎಣ್ಣೆಯ ಬುಕಿಂಗ್ ನಂಬರನ್ನೂ ಕಳಿಸುತ್ತಾರೆ. ಕಳ್ಳ ಹಿತ್ತಿಲಿಂದ ಬರುತ್ತಾನೆಂದು ಅಲ್ಲಿ ಕಾವಲು ಕೂತಿದ್ದೇವೆ, ತಲಬಾಗಿಲು ತೆರೆದೇ ಇದೆ.

ಪ್ರಾರ್ಥನೆಗೂ ಮಂತ್ರಕ್ಕೂ ಇರುವ ಗೆರೆ ಯಾವುದು? ನಲವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಕಲಿಸಿದ ಮೇಲೆ ನನಗೆ ಕಾಣುವ ಗೆರೆ ಒಂದೇ. ದೇವರು 'ಇಲ್ಲ' ಎನ್ನಲು ಅಲ್ಲಿ ಜಾಗ ಇದೆಯೇ? ಇದ್ದರೆ ಅದು ಪ್ರಾರ್ಥನೆ. ಇಷ್ಟು ದಿನ ಉಪವಾಸ, ಇಷ್ಟು ಸಲ ಈ ಮಾತು, ಇಷ್ಟು ಕಾಣಿಕೆ, ಈ ಎಣ್ಣೆ, ಆಗ ಕೆಲಸ ಆಗಲೇಬೇಕು ಎಂದರೆ ಅದು ಮಂತ್ರ. ಕೊನೆಗೆ ಯೇಸುವಿನ ಹೆಸರು ಸೇರಿಸಿದರೂ ಅದು ಮಂತ್ರವೇ. ಗೆತ್ಸೇಮನೆಯಲ್ಲಿ ಕರ್ತನು ಕೇಳಿದ್ದು ಸಿಗಲಿಲ್ಲ. ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯೆಂದು ಪೌಲ ಮೂರು ಸಲ ಬೇಡಿದ, ಅದು ಹೋಗಲಿಲ್ಲ. ಆ ಪೌಲ ಇಂದು ನಮ್ಮ ಬಿಡುಗಡೆ ಕೂಟಕ್ಕೆ ಬಂದರೆ ನಿನ್ನ ನಂಬಿಕೆಯಲ್ಲೇ ಕೊರತೆ ಇದೆ, ಮನೆಯಲ್ಲಿ ಯಾವುದೋ ಶಾಪ ಇದೆ ಎಂದು ಹೇಳಿ ಕಳಿಸುತ್ತೇವೆ.

ಎಣ್ಣೆ ಸತ್ಯವೇದದಲ್ಲೇ ಇದೆಯಲ್ಲ ಎನ್ನುತ್ತೀರಿ. ಇದೆ. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವನ್ನು ಇನ್ನೊಮ್ಮೆ ನೋಡಿ. ಅಲ್ಲಿ ರೋಗಿ ಮನೆಯಲ್ಲಿ ಮಲಗಿದ್ದಾನೆ, ಸಭೆಯ ಹಿರಿಯರು ಎದ್ದು ಅವನಿದ್ದಲ್ಲಿಗೆ ಹೋಗುತ್ತಾರೆ. ನಮ್ಮಲ್ಲಿ ಹಿರಿಯರು ಹೋಗುವುದಿಲ್ಲ, ಬಾಟಲಿ ಹೋಗುತ್ತದೆ, ಅದೂ ಕೊರಿಯರ್‌ನಲ್ಲಿ. ಪೌಲನ ಮೈಮೇಲಿನ ವಸ್ತ್ರಗಳಿಂದ ರೋಗಿಗಳು ಗುಣವಾದರು ಎಂಬುದನ್ನು ತೋರಿಸಿ ಬಟ್ಟೆ ತುಂಡು ಹಂಚುವವರು ಅದೇ ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯವನ್ನು ಮುಂದೆ ಓದಬೇಕು. ಆ ವಸ್ತ್ರಗಳನ್ನು ಪೌಲ ತಾನೇ ಹಂಚಿದನೆಂದು ಅಲ್ಲಿಲ್ಲ, ಬೇರೆಯವರು ಹಾಗೆ ಮಾಡಲೆಂದು ಅವನು ಯಾವ ಪತ್ರಿಕೆಯಲ್ಲೂ ಕಲಿಸಲಿಲ್ಲ. ಕೆಲವೇ ಸಾಲು ಕೆಳಗೆ ಸ್ಕೇವನ ಏಳು ಮಕ್ಕಳು ಯೇಸುವಿನ ಹೆಸರನ್ನು ಮಂತ್ರದಂತೆ ಬಳಸಲು ಹೋಗಿ ಮೈಮೇಲಿನ ಬಟ್ಟೆಯನ್ನೂ ಬಿಟ್ಟು ಓಡುತ್ತಾರೆ. ಆಮೇಲೆ ಎಫೆಸದವರು ಸುಟ್ಟ ಮಂತ್ರದ ಪುಸ್ತಕಗಳ ಬೆಲೆ ಐವತ್ತು ಸಾವಿರ ಬೆಳ್ಳಿ ನಾಣ್ಯ. ಗಮನಿಸಿ, ಆ ಪುಸ್ತಕಗಳನ್ನು ತಂದವರು ಹೊರಗಿನ ಮಾಟಗಾರರಲ್ಲ, ಆಗಲೇ ನಂಬಿದ್ದವರು. ನಂಬಿದ ಮೇಲೂ ಅವು ಅವರ ಮನೆಯಲ್ಲಿದ್ದವು. ಅಕ್ಕನ ಕಪಾಟಿನಲ್ಲಿದ್ದ ಹಾಗೆಯೇ.

ಈ ರೋಗ ಬರೀ ನಮ್ಮ ನೆಲದ್ದು ಎಂದು ತಿಳಿಯಬೇಡಿ. 'ಬಾಯಿಂದ ಹೇಳಿದ್ದು ಆಗುತ್ತದೆ' ಎಂಬ ಬೋಧನೆಯನ್ನು ನಾವು ಕೇಳಿದ್ದು ಮುಖ್ಯವಾಗಿ ಅಮೆರಿಕದ ಕೆನೆತ್ ಹೇಗಿನ್ ಮತ್ತು ಅವರ ಶಿಷ್ಯರಿಂದ. ಹೇಗಿನ್ ತಮ್ಮ ಪುಸ್ತಕಗಳಲ್ಲಿ ಇ.ಡಬ್ಲ್ಯು. ಕೆನ್ಯನ್ ಎಂಬ ಹಳೆಯ ಬೋಧಕರ ಬರಹವನ್ನು ಪುಟಗಟ್ಟಲೆ ಹೆಸರು ಹೇಳದೆ ಎತ್ತಿಕೊಂಡಿದ್ದಾರೆಂದು ಡಿ.ಆರ್. ಮೆಕಾನೆಲ್ 1988ರಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿದರು. ಕೆನ್ಯನ್ 1890ರ ದಶಕದಲ್ಲಿ ಬಾಸ್ಟನ್ನಿನಲ್ಲಿ ಓದುವಾಗ ಅಲ್ಲಿ 'ನ್ಯೂ ಥಾಟ್' ಎಂಬ ಪಂಥದ ಗಾಳಿ ಬೀಸುತ್ತಿತ್ತು. ಮನಸ್ಸೇ ರೋಗ ತರುತ್ತದೆ, ಮನಸ್ಸೇ ಕಳೆಯುತ್ತದೆ, ಯೋಚನೆಯೇ ಶಕ್ತಿ ಎನ್ನುವ ಪಂಥ ಅದು. ಕೆನ್ಯನ್ ಅದರಿಂದ ಎಷ್ಟು ಪಡೆದರು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ, ಮೆಕಾನೆಲ್ ಅತಿ ಮಾಡಿದರು ಎನ್ನುವವರೂ ಇದ್ದಾರೆ. ಕೆನ್ಯನ್ ಬರಹವನ್ನೂ ನ್ಯೂ ಥಾಟಿನವರದ್ದನ್ನೂ ಓದಿದವರಿಗೆ ಹೋಲಿಕೆ ಮಾತ್ರ ಕಾಣದೆ ಇರದು.

ಕೊರಿಯಾದ ಯೋಂಗಿ ಚೋ ಅವರ 1979ರ 'ದಿ ಫೋರ್ತ್ ಡೈಮೆನ್ಶನ್' ಇನ್ನೂ ನಿಚ್ಚಳ. ಬಡತನದ ದಿನಗಳಲ್ಲಿ ಅವರು ಒಂದು ಮೇಜು, ಒಂದು ಕುರ್ಚಿ, ಒಂದು ಸೈಕಲ್ ಬೇಕೆಂದು ಪ್ರಾರ್ಥಿಸಿದರು, ಸಿಗಲಿಲ್ಲ. ಮೇಜು ಫಿಲಿಪ್ಪೀನ್ಸಿನ ಮಹಾಗನಿಯದಾಗಿರಲಿ, ಕುರ್ಚಿಗೆ ಗಾಲಿ ಇರಲಿ, ಸೈಕಲ್ ಅಮೆರಿಕದ್ದಾಗಿರಲಿ ಎಂದು ಬಿಡಿಸಿ ಹೇಳಿ, ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಂಡ ಮೇಲೆ ಬಂದವಂತೆ. ದೇವರಿಗೆ ವಿಳಾಸ ಸರಿಯಾಗಿ ಬರೆಯದಿದ್ದರೆ ಪಾರ್ಸೆಲ್ ಬರುವುದಿಲ್ಲ ಎಂಬಂತಿದೆ. ಅದೇ ಪುಸ್ತಕದಲ್ಲಿ ಅವರು, ಬೇರೆ ಧರ್ಮದವರೂ ಇದೇ ನಾಲ್ಕನೆಯ ಆಯಾಮವನ್ನು ಬಳಸಿ ಅದ್ಭುತ ಮಾಡುತ್ತಾರೆ ಎಂದು ಒಪ್ಪುತ್ತಾರೆ. ಹಾಗಾದರೆ ಉಳಿದದ್ದು ಒಂದು ವಿದ್ಯೆ ಮಾತ್ರ. ಯಾರು ಬೇಕಾದರೂ ಕಲಿಯಬಹುದಾದ ವಿದ್ಯೆಗೆ ಕ್ರಿಸ್ತನೇ ಬೇಕೆಂದೇನಿದೆ?

2005ರ ಜನವರಿಯಲ್ಲಿ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ಬೆನ್ನಿ ಹಿನ್ ಸಭೆ ನಡೆದಾಗ ನಮ್ಮ ಕಡೆಯಿಂದಲೂ ಬಸ್ಸುಗಳು ಹೊರಟಿದ್ದವು. ಅಕ್ಕ ಹೋಗಿದ್ದಳು. ಅದೇ ಹಿನ್ 2019ರಲ್ಲಿ, ಹಣದ ಬೀಜ ಬಿತ್ತಿ ಆಶೀರ್ವಾದ ಕೊಯ್ಯುವ ಬೋಧನೆ ದೇವರಿಗೆ ಅವಮಾನ, ಇನ್ನು ಹಾಗೆ ಬೋಧಿಸುವುದಿಲ್ಲ ಎಂದು ತಾವೇ ಹೇಳಿದರು. ಆ ಮಾತಿನ ವಿಡಿಯೊವನ್ನು ನಮ್ಮ ಯಾವ ಗುಂಪಿನಲ್ಲೂ ಯಾರೂ ಹಂಚಲಿಲ್ಲ.

ಮೌನ ಧ್ಯಾನದ ಕುರಿತು ಅಮೆರಿಕದಲ್ಲಿ ಎದ್ದ ಗಲಾಟೆಯ ಬಗ್ಗೆ ಒಂದೆರಡು ಮಾತು ಸಾಕು. ಸುಮ್ಮನೆ ಕೂತು ಪ್ರಾರ್ಥಿಸುವುದೆಲ್ಲ ಪೂರ್ವದೇಶದ ಗುಪ್ತವಿದ್ಯೆ ಎಂದು ಅಮೆರಿಕದವರು ಹೆದರಿದರೆ ಹೆದರಲಿ, ಕೀರ್ತನೆಗಾರ ಹಾಸಿಗೆಯ ಮೇಲೆ ಮೌನವಾಗಿರಲು ಹೇಳಿದ್ದು ಇಲ್ಲಿ ಪೂರ್ವದಲ್ಲೇ. ನನ್ನ ಹೆದರಿಕೆ ಬೇರೆಯದು, ಮೌನದಲ್ಲಿ ಕೇಳಿಸಿತೆಂದು ಬರೆದದ್ದನ್ನು ಯೇಸುವಿನ ಮಾತೇ ಎಂದು ಓದುವುದು. ಸಾರಾ ಯಂಗ್ ಅವರ 2004ರ 'ಜೀಸಸ್ ಕಾಲಿಂಗ್' ಪುಸ್ತಕದಲ್ಲಿ ಯೇಸು ದಿನಕ್ಕೊಂದು ಪುಟದಂತೆ 'ನಾನು' ಎಂದು ಮಾತಾಡುತ್ತಾನೆ, ಬರೆದವರು ಸಾರಾ. 1930ರ ದಶಕದಲ್ಲಿ ಇಬ್ಬರು ಅನಾಮಧೇಯ ಹೆಂಗಸರು ಕಾಗದ ಪೆನ್ಸಿಲ್ ಹಿಡಿದು ಕೂತು ಕೇಳಿಸಿಕೊಂಡದ್ದು ಎಂಬ 'ಗಾಡ್ ಕಾಲಿಂಗ್' ಇದಕ್ಕೆ ಪ್ರೇರಣೆ. ಅಮೆರಿಕದ ಒಂದು ಪ್ರೆಸ್ಬಿಟೇರಿಯನ್ ಸಭೆ 2024ರ ತನ್ನ ಮಹಾಸಭೆಯಲ್ಲಿ ಸಾರಾ ಅವರ ಪುಸ್ತಕವನ್ನು ಪರಿಶೀಲಿಸಲು ನಿರ್ಣಯ ಮಾಡಿತು. ತಡವಾಯಿತು, ಆದರೂ ಮಾಡಿತು.

ಇಷ್ಟು ಬರೆದು ನಿಲ್ಲಿಸಿದರೆ ನನಗೆ ಸುಲಭ. ನಾನು ಹಳೆಯ ಬಾಸೆಲ್ ಮಿಶನ್ ಪರಂಪರೆಯವನು, ಎಣ್ಣೆ ಮಾರುವವರು ಬೇರೆಯವರು ಎಂದು ಕೈ ತೊಳೆದುಕೊಳ್ಳಬಹುದು. ಆದರೆ ಜನ ಅಲ್ಲಿಗೆ ಹೋಗುವಂತೆ ಮಾಡಿದವರಲ್ಲಿ ನಾನೂ ಒಬ್ಬ.

ಮೂವತ್ತು ವರ್ಷದ ಕೆಳಗೆ ನಮ್ಮ ಸಭೆಯ ಒಬ್ಬ ತಾಯಿ ನನ್ನ ಬಳಿ ಬಂದಿದ್ದಳು. ಮನೆಯ ಹೊಸ್ತಿಲಲ್ಲಿ ಯಾರೋ ನಿಂಬೆಹಣ್ಣು, ಕುಂಕುಮ ಇಟ್ಟು ಹೋಗಿದ್ದರು, ಅಂದಿನಿಂದ ಮಗ ಅನ್ನ ಬಿಟ್ಟಿದ್ದ. 'ಅಯ್ನೋರು ಊರಾಗಿಲ್ಲ, ನೀವರೆ ಬಂದು ಪ್ರಾರ್ಥನಾ ಮಾಡ್ರಿ ಸರ' ಎಂದಳು. ನಾನು ಮೇಷ್ಟ್ರು. ಅದೆಲ್ಲ ಮೂಢನಂಬಿಕೆ, ಡಾಕ್ಟರಿಗೆ ತೋರಿಸು ಎಂದೆ. ಸಲಹೆ ತಪ್ಪಲ್ಲ. ಆದರೆ ನಾನು ಏಳಲಿಲ್ಲ, ಅವಳ ಮನೆಗೆ ಹೋಗಲಿಲ್ಲ. ಮುಂದಿನ ವಾರ ಅವಳು ಸ್ಟೇಶನ್ ರಸ್ತೆಯ ತಗಡಿನ ಶೆಡ್ಡಿನ ಪ್ರಾರ್ಥನಾ ಮನೆಗೆ ಹೋದಳು. ಅಲ್ಲಿನ ಪಾಸ್ಟರ್ ಸೈಕಲ್ ಹತ್ತಿ ಅದೇ ರಾತ್ರಿ ಬಂದು, ಆ ಹುಡುಗನ ಪಕ್ಕ ಬೆಳಗಿನ ತನಕ ಕೂತಿದ್ದರಂತೆ. ಅವಳು ನಮ್ಮ ಸಭೆಗೆ ಮತ್ತೆ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ.

ಪಾಲ್ ಹೀಬರ್ಟ್ ಎಂಬ ಮಾನವಶಾಸ್ತ್ರಜ್ಞರು ಈ ತಪ್ಪನ್ನು ಗುರುತಿಸಿ ಬರೆದರು. ಅವರು ಹೊರಗಿನವರಲ್ಲ, ಹೈದರಾಬಾದಿನ ಹತ್ತಿರದ ಶಂಶಾಬಾದಿನಲ್ಲಿ 1932ರಲ್ಲಿ ಮಿಶನರಿ ದಂಪತಿಗೆ ಹುಟ್ಟಿದವರು. 1982ರ ಅವರ ಲೇಖನದ ಸಾರ ಇಷ್ಟು: ಪಶ್ಚಿಮದ ಮಿಶನರಿಗೆ ಮೇಲೆ ದೇವರು ಇದ್ದಾನೆ, ಕೆಳಗೆ ವಿಜ್ಞಾನ ಇದೆ, ನಡುವಿನ ಅಂತಸ್ತು ಖಾಲಿ. ಹಳ್ಳಿಯವನ ಪ್ರಶ್ನೆಗಳೆಲ್ಲ ಇರುವುದು ಆ ನಡುವಿನ ಅಂತಸ್ತಿನಲ್ಲಿ. ದೃಷ್ಟಿ, ಮಾಟ, ಶಕುನ, ಸತ್ತವರ ಕಾಟ, ಈ ಮದುವೆ ಆಗುತ್ತದೋ ಇಲ್ಲವೋ. ಸಭೆ ಅಲ್ಲಿಗೆ ಉತ್ತರ ಕೊಡದಿದ್ದರೆ ಅವನು ಭಾನುವಾರ ದೇವಾಲಯಕ್ಕೂ ಅಮಾವಾಸ್ಯೆಗೆ ಮಂತ್ರವಾದಿಯ ಬಳಿಗೂ ಹೋಗುತ್ತಾನೆ. ಹೀಬರ್ಟ್ ಅಲ್ಲಿಗೇ ನಿಲ್ಲಲಿಲ್ಲ. ಆ ಖಾಲಿ ಅಂತಸ್ತನ್ನು ತುಂಬಲು ಹೊರಟವರು ಕ್ರೈಸ್ತ ಧರ್ಮವನ್ನೇ ಹೊಸ ಮಂತ್ರವಿದ್ಯೆ ಮಾಡಿಬಿಡುವ ಅಪಾಯವನ್ನೂ ತೋರಿಸಿದರು. ನಾವು ಹಳಬರು ಮೊದಲ ತಪ್ಪು ಮಾಡಿದೆವು, ನೀವು ಹೊಸಬರು ಎರಡನೆಯದು ಮಾಡುತ್ತಿದ್ದೀರಿ.

ಮೂರನೆಯ ದಾರಿ ಇತ್ತು, ಅದೂ ನಮ್ಮ ಬಾಸೆಲ್ಲಿನ ಮನೆಯಲ್ಲೇ. ಯೋಹಾನ್ ಕ್ರಿಸ್ಟೊಫ್ ಬ್ಲೂಮ್‌ಹಾರ್ಟ್ 1830ರಿಂದ 1837ರ ತನಕ ಬಾಸೆಲ್ ಮಿಶನ್ನಿನ ತರಬೇತಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಆ ಶಾಲೆಯಿಂದಲೇ ಮಿಶನರಿಗಳು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಬ್ಲೂಮ್‌ಹಾರ್ಟ್ ಮಾತ್ರ ಜರ್ಮನಿಯ ಮ್ಯೋಟ್ಲಿಂಗನ್ ಎಂಬ ಹಳ್ಳಿಯ ಸಭಾಪಾಲಕರಾದರು. ಅಲ್ಲಿ ಗೊಟ್ಲೀಬಿನ್ ಡಿಟುಸ್ ಎಂಬ ಬಡ ಹೆಣ್ಣುಮಗಳಿಗೆ ದುರಾತ್ಮದ ಕಾಟ ಎನ್ನುತ್ತಿದ್ದರು. ಅವರು ಮೊದಲು ಹಿಂಜರಿದರು, ವೈದ್ಯರನ್ನು ಕರೆಸಿದರು, ಒಬ್ಬರೇ ಎಂದೂ ಹೋಗಲಿಲ್ಲ. ಯಾವ ವಸ್ತುವನ್ನೂ ಬಳಸದೆ, ಬರೀ ಪ್ರಾರ್ಥನೆ ಹಿಡಿದು ಸುಮಾರು ಎರಡು ವರ್ಷ ಅವಳ ಜೊತೆ ನಿಂತರು. 1843ರ ಡಿಸೆಂಬರಿನಲ್ಲಿ ಅದು ಮುಗಿಯಿತು. ಮೇಲಧಿಕಾರಿಗಳು ಕೇಳಿದಾಗ ನಡೆದದ್ದನ್ನೆಲ್ಲ ವರದಿ ಬರೆದು ಒಪ್ಪಿಸಿದರು. ಗೊಟ್ಲೀಬಿನ್ ಮುಂದೆ ಅವರ ಮನೆಯವಳೇ ಆಗಿ, ಅವರ ಕೆಲಸದಲ್ಲಿ ಕೈಜೋಡಿಸಿ ಬಾಳಿದಳು. ಅಲ್ಲಿ ನಡೆದದ್ದು ದುರಾತ್ಮವೋ ಮನೋರೋಗವೋ ಎಂದು ನನ್ನನ್ನು ಕೇಳಬೇಡಿ. ನಾನು ನೋಡುವುದು ಆ ಪಾಲಕರನ್ನು.

ನಮ್ಮ ಬಿಡುಗಡೆ ಕೂಟಗಳಲ್ಲಿ ಹತ್ತು ನಿಮಿಷದಲ್ಲಿ ಹೆಣ್ಣುಮಗಳ ಕೂದಲು ಬಿಚ್ಚಿ ಬೀಳುತ್ತದೆ, ಮೈಕು ಅವಳ ಬಾಯಿಗೆ ಹೋಗುತ್ತದೆ, ನೀನು ಯಾರು, ಯಾರು ಕಳಿಸಿದರು ಎಂದು ದುರಾತ್ಮದ ಸಂದರ್ಶನ ನಡೆಯುತ್ತದೆ. ಆ ದುರಾತ್ಮ ಪಕ್ಕದ ಮನೆಯವಳ ಹೆಸರನ್ನೋ ಅತ್ತೆಯ ಹೆಸರನ್ನೋ ಹೇಳುತ್ತದೆ. ಸುಳ್ಳಿನ ತಂದೆ ಎಂದು ನಾವೇ ಕರೆಯುವವನ ಸಾಕ್ಷಿಯನ್ನು ನಂಬಿ ಎರಡು ಮನೆಗಳು ಜೀವಮಾನವಿಡೀ ಮಾತು ಬಿಡುತ್ತವೆ. ಹಿಂದೆ ಈ ಕೆಲಸವನ್ನು ಪ್ರಶ್ನೆ ಹೇಳುವವನು ಮಾಡುತ್ತಿದ್ದ, ಕ್ಯಾಮೆರಾ ಇರಲಿಲ್ಲ.

ಊರೂರಿಗೆ ನಕ್ಷೆ ಹಾಕಿ ಇಲ್ಲಿ ಈ ದುರಾತ್ಮದ ಆಳ್ವಿಕೆ, ಅಲ್ಲಿ ಆ ಶಕ್ತಿಯದ್ದು ಎಂದು ಗುರುತಿಸಿ, ಗುಡಿಗಳ ಸುತ್ತ ಎಣ್ಣೆ ಚೆಲ್ಲಿ ಬರುವ ಪದ್ಧತಿಯೂ ನಮ್ಮಲ್ಲಿ ಬಂದಿದೆ. ನೆರೆಯವರ ಗುಡಿಯ ಮುಂದೆ ಎಣ್ಣೆ ಸುರಿಯುವುದು ಮೊದಲು ಅಮರ್ಯಾದೆ, ಆಮೇಲೆ ಅಪಾಯ. 1993ರಲ್ಲೇ ಲಾಸಾನ್ ಚಳವಳಿಯ ಪ್ರಾರ್ಥನಾ ತಂಡ ಲಂಡನ್ನಿನಲ್ಲಿ ಕೂಡಿ ಆತ್ಮಿಕ ಯುದ್ಧದ ಕುರಿತು ಒಂದು ಹೇಳಿಕೆ ಹೊರಡಿಸಿತ್ತು. ದುರಾತ್ಮಗಳು ಇಲ್ಲವೆಂದು ಅವರು ಹೇಳಲಿಲ್ಲ. ಅವುಗಳ ಜೊತೆ ಹೋರಾಡುವ ಭರದಲ್ಲಿ ನಾವು ಬಿಟ್ಟು ಬಂದ ಹಳೆಯ ಲೋಕದೃಷ್ಟಿಗೇ ಮರಳುವ ಅಪಾಯ ಇದೆ ಎಂದರು. ನಮ್ಮ ಸೆಮಿನರಿಗಳಲ್ಲಿ ಓದಿದವರಿಗೆ ಇದು ಗೊತ್ತು. ಪ್ರಸಂಗಪೀಠದಿಂದ ಇದನ್ನು ಒಮ್ಮೆಯೂ ಕೇಳಿದ ನೆನಪು ನನಗಿಲ್ಲ.

ಇನ್ನು ಪ್ರವಾದನೆ. ಪ್ರವಾದನೆಯನ್ನು ತಾತ್ಸಾರ ಮಾಡಬಾರದು ಎಂದು ಥೆಸಲೋನಿಕದವರಿಗೆ ಪೌಲ ಬರೆದದ್ದನ್ನು ನೀವು ತೋರಿಸುತ್ತೀರಿ. ಮುಂದಿನ ಮಾತಿನಲ್ಲೇ ಎಲ್ಲವನ್ನೂ ಪರಿಶೋಧಿಸಲು ಹೇಳಿದ್ದಾನೆ. ನಾವು ಪರಿಶೋಧಿಸುತ್ತೇವೆಯೇ? 2020ರ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಮತ್ತೆ ಗೆಲ್ಲುತ್ತಾರೆಂದು ಅಮೆರಿಕದ ಹಲವು ಪ್ರವಾದಿಗಳು ದೇವರ ಹೆಸರಿನಲ್ಲಿ ನುಡಿದರು, ಗೆಲ್ಲಲಿಲ್ಲ. ಜೆರೆಮಾಯ ಜಾನ್ಸನ್ ಎಂಬವರು 2021ರ ಜನವರಿಯಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ತಪ್ಪು ಒಪ್ಪಿದ್ದಕ್ಕೆ ಅವರಿಗೆ ಸಿಕ್ಕದ್ದು ವಿಶ್ವಾಸಿಗಳಿಂದಲೇ ಬೈಗುಳ, ಕೊಲೆ ಬೆದರಿಕೆ. ಕಣಿ ಕೇಳುವ ಚಟ ಹತ್ತಿದವರಿಗೆ ಸತ್ಯ ಬೇಕಿರುವುದಿಲ್ಲ. ನಮ್ಮಲ್ಲಿ ತಪ್ಪು ಒಪ್ಪಿಕೊಂಡ ಪ್ರವಾದಿಯನ್ನು ನಾನಂತೂ ಇನ್ನೂ ಕಂಡಿಲ್ಲ. ಅಕ್ಕನಿಗೆ ನೀನು ಗುಣವಾಗಿದ್ದೀ ಎಂದು ನುಡಿದವರು ಅವಳ ಮಣ್ಣಿಗೂ ಬರಲಿಲ್ಲ.

ವಾಗ್ದಾನದ ಕಾರ್ಡಿನ ಮಾತಿಗೆ ಬಂದರೆ ನಾನೂ ತಲೆ ತಗ್ಗಿಸಬೇಕು. ಚೀಟಿ ಎತ್ತಿ ವಚನ ಆರಿಸುವುದು ಜರ್ಮನಿಯ ಹೆರ್ನ್‌ಹೂಟ್‌ನ ಮೊರೇವಿಯನ್ನರು 1728ರಲ್ಲೇ ಶುರುಮಾಡಿದ ರೂಢಿ. ಅವರ ದಿನವಚನದ ಪುಸ್ತಕ 1731ರಿಂದ ಇಂದಿಗೂ ಅಚ್ಚಾಗುತ್ತಿದೆ. ಅದು ದಿನವಿಡೀ ಧ್ಯಾನಿಸಲು ಇಡೀ ಸಭೆಗೆ ಒಂದೇ ವಚನ. ನಾವು ಅದನ್ನು ನನ್ನೊಬ್ಬನ ವರ್ಷಭವಿಷ್ಯ ಮಾಡಿಕೊಂಡೆವು. ನಮ್ಮ ಸಭೆಯಲ್ಲಿ ಎಷ್ಟೋ ವರ್ಷ ಆ ಕಾರ್ಡುಗಳ ತಟ್ಟೆ ಹಿಡಿದು ನಿಂತವನು ನಾನೇ. ಒಳ್ಳೆಯ ಕಾರ್ಡು ಬರಲಿಲ್ಲವೆಂದು ಇನ್ನೊಂದು ಎತ್ತಿದವರನ್ನೂ ನೋಡಿದ್ದೇನೆ, ನಕ್ಕು ಸುಮ್ಮನಾಗಿದ್ದೇನೆ.

ಕಾನೂನಿನ ಮಾತನ್ನೂ ತಿಳಿದಿರಿ. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯಿದೆ ಮಾಂತ್ರಿಕ ಚಿಕಿತ್ಸೆ ಎಂದು ಎಣಿಸುವುದರಲ್ಲಿ ತಾಯಿತ, ಮಂತ್ರ, ಕವಚಗಳನ್ನು ಹೆಸರಿಸಿಯೇ ಹೇಳುತ್ತದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆರೋಗ ಇವುಗಳಿಂದ ಗುಣ ಕೊಡುತ್ತದೆಂದು ಅಂಥವನ್ನು ಜಾಹೀರಾತು ಮಾಡುವುದು ಅಪರಾಧ. ಆದರೆ ನನಗೆ ಕೋರ್ಟು ಬೇಡ. ಅರಸ ಹಿಜ್ಕೀಯನಿಗೆ ಕೋರ್ಟು ಬೇಕಾಗಲಿಲ್ಲ. ಮೋಶೆ ದೇವರ ಅಪ್ಪಣೆಯಿಂದಲೇ ಮಾಡಿಸಿದ್ದ ತಾಮ್ರದ ಸರ್ಪಕ್ಕೆ ಜನ ಧೂಪ ಹಾಕತೊಡಗಿದಾಗ ಅವನು ಅದನ್ನು ಒಡೆದು ಪುಡಿಮಾಡಿದ. ದೇವರೇ ಕೊಟ್ಟದ್ದೆಂಬ ಕಾರಣಕ್ಕೆ ಉಳಿಸಲಿಲ್ಲ.

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಬರುವ ಭಾನುವಾರ ಪ್ರಸಂಗಪೀಠದಿಂದ ಒಂದು ಮಾತು ಹೇಳಿ: ಪ್ರಾರ್ಥನೆ ಮಾಡಿಸಿಕೊಂಡವರು ಯಾರೂ ಮಾತ್ರೆ ನಿಲ್ಲಿಸಬಾರದು. ಸಭೆಯ ನಡಾವಳಿ ಪುಸ್ತಕದಲ್ಲಿ ಒಂದು ಪುಟ ತೆಗೆದಿಡಿ. ಹೊರಗಿಂದ ಬಂದ ಪ್ರವಾದಿ ನುಡಿದದ್ದನ್ನು ತಾರೀಖು ಹಾಕಿ ಬರೆದು, ಅವರ ಸಹಿ ಪಡೆದು, ಮುಂದಿನ ವರ್ಷ ಅದೇ ದಿನ ಎಲ್ಲರೆದುರು ಓದಿ. ಸಹಿ ಹಾಕಲು ಒಪ್ಪದವರಿಗೆ ಮೈಕು ಕೊಡಬೇಡಿ. ಯಾರಾದರೂ ಹೊಸ್ತಿಲ ಮೇಲಿನ ನಿಂಬೆಹಣ್ಣಿಗೆ ಹೆದರಿ ಬಂದರೆ ನಗಬೇಡಿ. ಎದ್ದು ಚಪ್ಪಲಿ ಮೆಟ್ಟಿ ಅವರ ಮನೆಗೆ ಹೋಗಿ, ರಾತ್ರಿ ಅಲ್ಲೇ ಕೂತಿರಿ. ಎಣ್ಣೆ ಹಚ್ಚಬೇಕೆನ್ನಿಸಿದರೆ ಅವರ ಅಡುಗೆಮನೆಯ ಎಣ್ಣೆಯನ್ನೇ ಹಚ್ಚಿ.

ಅಕ್ಕನ ಏಳು ಬಾಟಲಿಗಳನ್ನು ನಾನು ಇನ್ನೂ ಎಸೆದಿಲ್ಲ. ನೀವು ಯಾರಾದರೂ ಈ ವಿಷಯ ಚರ್ಚಿಸಲು ಸಭೆ ಕರೆದರೆ ಆ ಡಬ್ಬಿಯನ್ನು ಹಾಗೆಯೇ ತೆಗೆದುಕೊಂಡು ಬರುತ್ತೇನೆ.

ಕರ್ತನ ಸೇವೆಯಲ್ಲಿ ನಿಮ್ಮವನು,
ಒಬ್ಬ ನಿವೃತ್ತ ಸಂಡೇ ಸ್ಕೂಲ್ ಮೇಷ್ಟ್ರು, ಗದಗ-ಬೆಟಗೇರಿ